ಮೌಶಿಗಾಗಿ ತೆರವಾದ ದಾರಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬೆಂಚಿಗೂ ಬೇವಿನ ಮರಕ್ಕೂ ಕಟ್ಟಿದ್ದ ಕೂಸಿನ ಜೋಳಿಗೆಯ ಸೀರೆ ಹಸಿರು ಎಂದು ನನ್ನ ನೆನಪು. ಅದು ನೀಲಿಯೂ ಇದ್ದಿರಬಹುದು. ಆ ಮಧ್ಯಾಹ್ನ ನಾನು ಎಷ್ಟು ಮೆತ್ತಗೆ ಮಾತಾಡಿದೆ ಎನ್ನುವ ವಿಷಯದಲ್ಲಂತೂ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪರವಾಗಿಯೇ ವಾದಿಸುತ್ತದೆ.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ಕಲಬುರಗಿಯಲ್ಲಿ ನಾವು ಹಾಗೇ ಕರೆಯುವುದು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಆಪರೇಷನ್ನಿಗೆಂದು ಅವಳನ್ನು ಹೈದರಾಬಾದಿಗೆ ಕರೆತಂದೆವು. ಆಮೇಲೆ ನಾಚಾರಂನ ನಮ್ಮ ಫ್ಲಾಟಿನಲ್ಲೇ ಉಳಿದಳು. ದಿನವೂ ನಡೆದರೆ ಮಾತ್ರ ಕಾಲು ಉಳಿಯುತ್ತದೆ, ಇಲ್ಲದಿದ್ದರೆ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಅವಳ ಎದುರಿಗೇ ಹೇಳಿದ್ದರು. ಮೌಶಿ ಮಂಚದ ಮೇಲೆ ಕೂತು "ನಾಳೆ ನಡೀತೀನಿ" ಎನ್ನುತ್ತಿದ್ದಳು. ಅದೇ ನಾಳೆ ಬಹಳ ದಿನ ನಡೆಯಿತು.

ಚಳಿ ಶುರುವಾದ ಮೇಲೆ, ಯಾರ ಒತ್ತಾಯವೂ ಇಲ್ಲದೆ, ಮಧ್ಯಾಹ್ನ ಊಟವಾದೊಡನೆ ವಾಕರ್ ಹಿಡಿದು ಲಿಫ್ಟಿನಲ್ಲಿ ಕೆಳಗಿಳಿಯತೊಡಗಿದಳು. ನಮ್ಮ ಕಾಲೊನಿಯ ಪಾರ್ಕು ಚಿಕ್ಕದು. ಸುತ್ತ ಸಿಮೆಂಟಿನ ದಾರಿ, ಕೆಲವು ಬೆಂಚು, ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಒಂದು ದೊಡ್ಡ ಬೇವು. ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುವವಳು. ಒಂದು ಕಾಲ್ ಮುಗಿಸಿ ಬಾಲ್ಕನಿಗೆ ಬಂದರೆ ಅವಳು ಬೇವಿನ ಕೊಂಬೆಗಳ ಮರೆಗೆ ಹೋಗುವುದು ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ, ಸುತ್ತು ಪೂರೈಸದೆ, ಹೋದ ದಾರಿಯಲ್ಲೇ ತಿರುಗಿ ಬರುತ್ತಿದ್ದಳು.

"ಪೂರಾ ಸುತ್ತು ಯಾಕ ಹಾಕವಲ್ಲಿ ಮೌಶಿ?"

"ಗಿಡದ ಕೆಳಗ ಮಂದಿ ಕೂತಿರ್ತಾರವಾ."

ಇದನ್ನು ನಾನು ದೂರು ಎಂದುಕೊಂಡೆ. ಒಂದು ಸಂಜೆಯಾದರೂ ಅವಳ ಜೊತೆ ಕೂತು ಯಾವ ಮಂದಿ, ಏನು ಕಥೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮರುದಿನ ಅವಳು ಇಳಿಯುವ ಮುಂಚೆ ನಾನೇ ಹೋಗಿ ನೋಡಿ ಬಂದೆ. ಪಾರ್ಕಿನ ಹಿಂದೆ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕೆಲಸದ ಹೆಂಗಸರು, ಯಾದಗಿರಿ ಕಡೆಯವರು, ಬುತ್ತಿ ಬಿಚ್ಚಿ ಕೂತಿದ್ದರು. ಡಬ್ಬಿಗಳು ದಾರಿಯ ಮೇಲೆ, ಕೂಸು ಮಲಗಿದ್ದ ಜೋಳಿಗೆ ದಾರಿಗೆ ಅಡ್ಡ. ಒಬ್ಬಳು ಬೆಂಚಿನ ಮೇಲೆ ಮೈಚಾಚಿ ಮಲಗಿದ್ದಳು. ಉಳ್ಳಾಗಡ್ಡಿ ಸಿಪ್ಪೆ, ತಂಬಾಕಿನ ಚೀಟಿ ಅಲ್ಲಲ್ಲೇ ಬಿದ್ದಿದ್ದವು. ಇದನ್ನು ನಾನು ನನ್ನ ಸಮಾಧಾನಕ್ಕೆ ಸೇರಿಸುತ್ತಿಲ್ಲ, ನಿಜವಾಗಿಯೂ ಬಿದ್ದಿದ್ದವು.

ಆ ಭಾನುವಾರ ಕಾಲೊನಿ ಕಮಿಟಿಯ ಮೀಟಿಂಗಿನಲ್ಲಿ, ಪಾರ್ಕಿಂಗಿನ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಎದ್ದು ನಿಂತು ಮಾತಾಡಿದೆ. ವಾಕರ್ ಹಿಡಿದವರಿಗೆ, ಕೋಲು ಹಿಡಿದವರಿಗೆ ದಾರಿ ಖಾಲಿ ಇರಬೇಕು ಎಂದೆ. ಎಲ್ಲರೂ ತಲೆಯಾಡಿಸಿದರು. ಯಾರೋ ಮಲಗುವವರ ಮಾತು ಸೇರಿಸಿದರು, ಇನ್ಯಾರೋ ಕಸದ್ದು. ಕೆಲವೇ ದಿನದಲ್ಲಿ ಗೇಟಿಗೆ ತೆಲುಗು, ಇಂಗ್ಲಿಷಿನಲ್ಲಿ ಬೋರ್ಡು ಬಂತು: ಬೆಂಚು ಕೂರಲು ಮಾತ್ರ, ಊಟ ತಿಂಡಿ ಕೂಡದು, ಕಸ ಬುಟ್ಟಿಗೇ ಹಾಕಬೇಕು, ದಾರಿಯ ಮೇಲೆ ಸಾಮಾನು ಇಡಬಾರದು. ಇವತ್ತು ಓದಿದರೂ ಇದರಲ್ಲಿ ಯಾವುದು ತಪ್ಪು ಎಂದು ಬೆರಳಿಟ್ಟು ತೋರಿಸಲಾರೆ. ಆ ದಿನ ನನಗೆ ಹೆಮ್ಮೆಯೇ ಆಗಿತ್ತು.

ಬೋರ್ಡನ್ನು ಆ ಹೆಂಗಸರು ಓದಲಿಲ್ಲ, ಓದಲು ಬರುವಂತೆಯೂ ಇರಲಿಲ್ಲ. ವಾಚ್‌ಮನ್ ತೆಲುಗಿನಲ್ಲಿ ಗದರಿದರೆ ನಕ್ಕುಬಿಡುತ್ತಿದ್ದರಂತೆ. ಅವನು ನನ್ನ ಹತ್ತಿರ ಬಂದ. "ಮೇಡಂ, ಮೀ ಕನ್ನಡಾವಾಳ್ಳೇ ಕದಾ, ಮೀರೇ ಚೆಪ್ಪಂಡಿ." ನಿಮ್ಮವರೇ, ನೀವೇ ಹೇಳಿ.

ನಾನು ಹೋದದ್ದು ನನ್ನ ಗಂಡ ಮೌಶಿಯನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದ ದಿನ. ಅದು ತಾನಾಗಿ ಕೂಡಿಬಂತೋ, ಆ ದಿನವನ್ನೇ ನೋಡಿ ಹೋದೆನೋ, ಈಗ ಎಷ್ಟು ಕೆದಕಿದರೂ ಗೊತ್ತಾಗುವುದಿಲ್ಲ.

"ಊಟ ಆತೇನ್ರಿ?" ಎಂದೆ.

"ಅಯ್ಯ, ನಮ್ಮ ಮಾತು ಬರ್ತೈತಲ್ರೇ ಈ ಅಕ್ಕಾರಿಗೆ," ಎಂದಳು ಅವರಲ್ಲಿ ಹಿರಿಯಳು. "ಬರ್ರಿ, ಕೂಡ್ರಿ. ರೊಟ್ಟಿ ಐತಿ, ಪುಂಡಿಪಲ್ಯ ಐತಿ." ಬೆಂಚಿನ ಮೇಲೆ ಮಲಗಿದ್ದವಳನ್ನು ಎಬ್ಬಿಸಿ ನನಗೆ ಜಾಗ ಮಾಡಿದರು.

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ.

"ಅಂದ್ರ ಕೂಡೂದೂ ಬ್ಯಾಡ ಅಂತೀರೇನ್ರಿ?"

"ಕೂಡ್ರಿ. ಬುತ್ತಿ ಬಿಚ್ಚಬ್ಯಾಡ್ರಿ, ಜೋಳಿಗಿ ಕಟ್ಟಬ್ಯಾಡ್ರಿ. ವಯಸ್ಸಾದವರು ಅಡ್ಡಾಡ್ತಾರ."

ಕೂಸಿನ ತಾಯಿ ತುತ್ತು ಬಾಯಲ್ಲಿಟ್ಟುಕೊಂಡೇ, "ಬುತ್ತಿ ಬಿಚ್ಚದ ಮಧ್ಯಾನದಾಗ ಕೂತು ಏನ್ ಮಾಡೂನ್ರಿ? ಗಾಳಿ ತಿನ್ನೂನೇನು?" ಎಂದಳು. ಉಳಿದವರು ಕಿಸಕ್ಕನೆ ನಕ್ಕರು.

"ಸುಮ್ಕಿರ," ಎಂದಳು ಹಿರಿಯಳು. "ತೆಲುಗಿನ್ಯಾಗ ಅಂದಿದ್ರ ನಾನೂ ಜಗಳ ತಗೀತಿದ್ದೆ. ನಮ್ಮ ಮಾತಿನ್ಯಾಗ ಹೇಳ್ಯಾರ, ಏನ್ ಮಾಡೂದು. ಏಳ್ರೆ."

ಎದ್ದರು. ನೆಲದ ಮೇಲಿನ ಸಿಪ್ಪೆಯನ್ನೂ ಬಳಿದುಕೊಂಡು ಹೋದರು.

ಮರುದಿನ ಮೌಶಿ ಖಾಲಿ ದಾರಿಯಲ್ಲಿ ಪೂರ್ತಿ ಒಂದು ಸುತ್ತು ಹಾಕಿದಳು. ನಾನು ಬಾಲ್ಕನಿಯಿಂದ ಕೈ ಬೀಸಿದೆ. ಅವಳು ಮೇಲೆ ನೋಡಲಿಲ್ಲ. ಅದರ ಮರುದಿನ ಬೇವಿನ ತನಕ ಹೋಗಿ ಬಂದಳು. ಆಮೇಲೆ ಕಾಲು ನೋಯುತ್ತದೆ ಎಂದಳು. ಆಮೇಲೆ ಇಳಿಯುವುದನ್ನೇ ಬಿಟ್ಟಳು. ಸಂಕ್ರಾಂತಿ ದಾಟಿದ ಮೇಲೆ ತೋರಿಸಲು ಹೋದಾಗ ಡಾಕ್ಟರು ಅವಳ ತೊಡೆ ಮುಟ್ಟಿ ನೋಡಿ, ಮಾಂಸ ಕರಗುತ್ತಿದೆ, ನಡೆಸುತ್ತಿಲ್ಲವೇ ಎಂದು ನನ್ನನ್ನೇ ಕೇಳಿದರು. ವಾಪಸು ಬರುವಾಗ ಕ್ಯಾಬಿನಲ್ಲಿ ನಾನು ಮೌಶಿಯನ್ನು ಬೈದೆ. ನಿನಗೆ ಹಟ, ನಿನಗಾಗಿ ಇಷ್ಟೆಲ್ಲ ಮಾಡಿದೆ, ಎಂದೆಲ್ಲ ಅಂದೆ. ಉಪ್ಪಲ್ ದಾಟುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ನಿಜ ಸಂಗತಿ ಗೊತ್ತಾದದ್ದು ತರಕಾರಿ ಬಂಡಿಯ ಹತ್ತಿರ. ಆ ಕೂಸಿನ ತಾಯಿ, ಕೂಸನ್ನು ಬಗಲಲ್ಲಿಟ್ಟುಕೊಂಡು ಹಸಿಮೆಣಸಿನಕಾಯಿ ಆರಿಸುತ್ತಿದ್ದಳು. ನನ್ನ ಗುರುತು ಹಿಡಿದಳು.

"ಆಯಿ ಆರಾಮ ಅದಾರೇನ್ರಿ?"

"ಯಾವ ಆಯಿ?"

"ಕಬ್ಬಣದ ಕುದುರಿ ನೂಕ್ಕೊಂಡ್ ಬರ್ತಿದ್ರಲ್ರಿ, ನಿಮ್ಮ ಮನ್ಯಾಗಿನವ್ರು. ವಾಚ್‌ಮನ್ ಹೇಳಿದ. ಜೋಳಿಗಿ ಹಗ್ಗ ಅವರ ಕೈಯಾಗ ಕೊಟ್ರ ನಾ ಬಿಸಿಲಿಳಿಯೂತನ ಉಣಬೇಕು, ಹಂಗ ತೂಗವ್ರು. ಮಾತಂದ್ರ ಏನ್ ಮಾತ್ರಿ ಅವರ್ದು. ನಕ್ಕೋಂತ ನಕ್ಕೋಂತ ರೊಟ್ಟಿ ನೆತ್ತಿಗೇರ್ತಿತ್ತು."

"ಕಾಲು ಬ್ಯಾನಿ ಅವರಿಗೆ," ಎಂದೆ.

"ಹೌದ್ರಿ? ನಮ್ಮ ಕೂಡ ಇದ್ದಾಗ ಬ್ಯಾನಿ ಅಂತ ಒಮ್ಮೀನೂ ಅಂದಿಲ್ಲ ಬಿಡ್ರಿ." ಅವಳು ಮೆಣಸಿನಕಾಯಿ ಕಡೆ ತಿರುಗಿದಳು. ಚುಚ್ಚಲು ಅಂದಳೋ ಇಲ್ಲವೋ ಗೊತ್ತಿಲ್ಲ. ನನಗೆ ಚುಚ್ಚಿತು.

ಅವರು ಈಗ ಪಾರ್ಕಿನ ಗೋಡೆಯ ಹೊರಗೆ ಉಣ್ಣುತ್ತಾರೆ. ಬೇವಿನ ಒಂದು ಕೊಂಬೆ ಆಚೆಗೆ ಚಾಚಿದೆ. ಅದರ ನೆರಳಿನಲ್ಲಿ, ನಿಲ್ಲಿಸಿದ ಆಟೋ ಮತ್ತು ನೀರಿನ ಟ್ಯಾಂಕರುಗಳ ನಡುವೆ. ಕಾಲೊನಿಯ ನಿಯಮ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿನ ಫುಟ್‌ಪಾತಿನ ಚಪ್ಪಡಿಗಳು ಎದ್ದಿವೆ, ವಾಕರ್ ನಿಲ್ಲುವುದಿಲ್ಲ.

ಮುಂದಿನ ಮೀಟಿಂಗಿನಲ್ಲಿ, ಮಧ್ಯಾಹ್ನ ಒಂದು ತಾಸು ಅವರನ್ನು ಬೇವಿನ ಕೆಳಗೆ ಕೂರಲು ಬಿಡೋಣ, ದಾರಿಯ ಪಕ್ಕದ ಮಣ್ಣಿನ ಮೇಲಾದರೂ ಸರಿ ಎಂದೆ. ಅಧ್ಯಕ್ಷರು ನಕ್ಕರು. "ಅಡಿಗಿಂದಿ ಮೀರೇ ಕದಾ ಮೇಡಂ." ಕೇಳಿದವರು ನೀವೇ ಅಲ್ಲವೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವಿಗೆ ಈಗಲೂ ಮುಖ ಬಿಸಿಯಾಗುತ್ತದೆ.

ಕಡೆಗೆ ಮೌಶಿಗೆ ಹೇಳಿದೆ. ಊಟವಾಗಿತ್ತು. ಅವಳು ಮಂಚದ ಮೇಲೆ ಮೊರ ಇಟ್ಟುಕೊಂಡು ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ಆ ಹೆಂಗಸರನ್ನ ಎಬ್ಬಿಸಿದಾಕಿ ನಾನೇ, ಮೌಶಿ."

ಅವಳ ಬೆರಳು ನಿಲ್ಲಲಿಲ್ಲ. "ಇಷ್ಟು ಸಾಕೇನು, ಇನ್ನೊಂದು ಗಡ್ಡಿ ಸುಲೀಲಿ?"

"ಸಾಕು," ಎಂದೆ. ಮೊರದ ಹತ್ತಿರ ಕೂತೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ, ಆ ಹಗುರ ಬೇಕೆಂದೇ ಹೇಳಿದೆನೇನೋ. ಅದು ಅವಳಿಗೂ ಗೊತ್ತಾಗಿರಬೇಕು. ಆಮೇಲೆ ಒಂದು ಮಾತು ಕೇಳಿದೆ. ಕೇಳಿ ವಾರದ ಮೇಲಾಯಿತು, ಅವಳು ಹೂಂ ಎಂದಿಲ್ಲ, ಉಹೂಂ ಎಂದೂ ಅಂದಿಲ್ಲ.

"ಗ್ವಾಡಿ ಆಚೀಕಡೆ ಕೂಡ್ತಾರ ಅವರು. ಒಂದು ಕಡೆ ನಾ ಹಿಡೀತೀನಿ, ಇನ್ನೊಂದು ಕಡೆ ಅವರ್ಯಾರರೆ ಹಿಡೀತಾರ. ನಾಳೆ ಮಧ್ಯಾಹ್ನ ಬರ್ತೀಯೇನು ಮೌಶಿ?"