ಔರಾದದ ಫೆರೆಟ್ಟಿಗೆ ನಾನು ಬರೆದ ಬೆಲ್ಲದ ನೀರು

2022ರಲ್ಲಿ ನಾನು ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಭಾಲ್ಕಿಯಲ್ಲಿ ಸ್ವಂತ ಪಶು ಚಿಕಿತ್ಸಾಲಯ ನಡೆಸುತ್ತಿದ್ದೆ. ಮನೆ ಬೀದರದಲ್ಲಿ. ಮಂಗಳವಾರ, ಶುಕ್ರವಾರ ಔರಾದಕ್ಕೆ ಹೋಗಿ ಔಷಧ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆ. ಮೂರು ಊರುಗಳ ನಡುವೆ ಮೋಟಾರ್ ಸೈಕಲ್ ಓಡಿಸಿ ಸೊಂಟ ಹೋಗಿತ್ತು. ಆದರೂ ಒಂದು ಕಡೆ ಕೂತಿರುವುದು ನನ್ನಿಂದ ಆಗುತ್ತಿರಲಿಲ್ಲ. ನನ್ನ ರೋಗಿಗಳೆಂದರೆ ಎಮ್ಮೆ, ಆಕಳು, ಆಡು, ಆಗೊಮ್ಮೆ ನಾಯಿ. ಫೆರೆಟ್ ಎಂಬ ಪ್ರಾಣಿಯ ಬಗ್ಗೆ ಸ್ನಾತಕೋತ್ತರ ಪದವಿಯ ಪಠ್ಯದಲ್ಲಿ ಅರ್ಧ ಪುಟ ಓದಿದ್ದೆ. ಅರ್ಧವೋ ಒಂದೋ, ಈಗ ಖಚಿತವಿಲ್ಲ.

ತಿಂಗಳೂ ನೆನಪಿಲ್ಲ. ಹೊಲಗಳಲ್ಲಿ ತೊಗರಿ ಹೂ ಬಿಟ್ಟಿತ್ತು. ಔರಾದದಲ್ಲಿ ಬಳೆ ಅಂಗಡಿ ಇಟ್ಟಿದ್ದ ಸುವರ್ಣಾ ಎಂಬ ಹೆಣ್ಣುಮಗಳು ಬಸ್ಸಿನಲ್ಲಿ ಭಾಲ್ಕಿಗೆ ಬಂದು ಮೇಜಿನ ಮೇಲೆ ತರಕಾರಿ ಬುಟ್ಟಿಯೊಂದನ್ನು ಇಟ್ಟರು. ಮೇಲಿನ ಬಟ್ಟೆ ಸರಿಸಿದರೆ ಉದ್ದ ಮೈಯ, ಕಂದು ಬಣ್ಣದ, ಮುಂಗುಸಿಯಂಥ ಪ್ರಾಣಿ.

"ಏನ್ರಿ ಅಕ್ಕಾರ, ಮುಂಗಲಿ ಹಿಡ್ಕೊಂಡ್ ಬಂದೀರಿ?" ಎಂದೆ.

"ಕಂಡಕ್ಟರನೂ ಹಂಗ ಅಂದ್ರಿ. ನಮ್ಮನಿ ಹಿತ್ತಲದಾಗ ಹಾವ್ ಅದ, ಒಂದಿನ ಕಳಸ್ರಿ ಅಂದ. ಇದು ಫೆರೆಟ್ ಅದ್ರಿ. ಹಾವ್ ನೋಡಿದ್ರ ನನ್ನ ಸೆರಗಿನ್ಯಾಗ ಹೋಗಿ ಕೂಡ್ತದ."

ಅದರ ಹೆಸರು ಚಿಂಟು. ಸುವರ್ಣಾರ ತಮ್ಮ ಹೈದರಾಬಾದಿನಲ್ಲಿ ಸಾಕಿಕೊಂಡಿದ್ದ. "ಅಕ್ಕಾ, ಇದಕ್ಕ ನೋಡ್ಕೋ ಅಂತ ಹೇಳಿ ಕೊರೊನಾ ಆಸ್ಪತ್ರಿಗಿ ಹೋದ್ನರಿ. ತಿರುಗಿ ಬರ್ಲಿಲ್ಲ. ಅವಂದು ಅಂತ ಉಳಿದಿದ್ದು ಇದೊಂದ ಅದ." ಇಷ್ಟು ಹೇಳಿ ಅವರು ಬುಟ್ಟಿಯ ಅಂಚನ್ನು ಹಿಡಿದು ನಿಂತರು.

ಲಕ್ಷಣಗಳನ್ನು ಕೇಳಿ ಬರೆದುಕೊಂಡೆ. ಹಿಂಗಾಲು ಸೋಲುತ್ತವೆ. ಎಲ್ಲೋ ನೋಡುತ್ತ ನಿಂತುಬಿಡುತ್ತದೆ. ಜೊಲ್ಲು ಸುರಿಸುತ್ತ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ. ತೂಕ 820 ಗ್ರಾಂ. ಮನುಷ್ಯರ ಗ್ಲುಕೋಮೀಟರ್ ಹಚ್ಚಿದರೆ ರಕ್ತದ ಸಕ್ಕರೆ 41 ತೋರಿಸಿತು. ತೊಂಬತ್ತರ ಆಚೀಚೆ ಇರಬೇಕಿತ್ತು.

ಕಾರಣ ಸಿಕ್ಕಿತೆಂದು ನನಗೆ ಹಿಗ್ಗು. ನಮ್ಮ ಕಡೆ ಈದ ಎಮ್ಮೆ ಸಕ್ಕರೆ ಇಳಿದು ಮೇವು ಬಿಟ್ಟರೆ ಗ್ಲುಕೋಸ್ ಏರಿಸಿ, ಮನೆಯಲ್ಲಿ ಬೆಲ್ಲ ಕೊಡಿ ಎನ್ನುತ್ತೇವೆ. ಮೂವತ್ತು ವರ್ಷ ಅದನ್ನೇ ಹೇಳಿದ ಬಾಯಿ, ಅದನ್ನೇ ಬರೆದ ಕೈ. ವಸಡಿಗೆ ಬೆಲ್ಲದ ನೀರು ಸವರಿದೆ. ಐದೇ ನಿಮಿಷದಲ್ಲಿ ಚಿಂಟು ಎದ್ದು ನನ್ನ ಪೆನ್ನನ್ನು ಕಚ್ಚಿತು. ಚೀಟಿ ಬರೆದುಕೊಟ್ಟು ಕಳಿಸಿದೆ.

ಎರಡು ವಾರದ ನಂತರ ಔರಾದದ ಕೋಣೆಗೆ ಅವರು ಮತ್ತೆ ಬಂದರು. ಜೊತೆಗೆ ಪಕ್ಕದ ಮನೆಯ ರಮಾಬಾಯಿ, ಅಂಗನವಾಡಿ ಕಾರ್ಯಕರ್ತೆ. ಚಿಂಟು ದಿನಕ್ಕೆ ಮೂರು ಸಲ ಸೆಟೆದು ಬೀಳುತ್ತಿತ್ತು.

"ಬೆಲ್ಲದ ನೀರು ಎಷ್ಟು ಕೊಟ್ಟಿರಿ?"

"ನೀವು ಹೇಳಿದಷ್ಟ. ದಿನಕ್ಕ ನಾಕ್ ಸಲ."

ನಾನು ರೇಗಿದೆ. ಬಿದ್ದಾಗ ಮಾತ್ರ ಸವರಿ ಎಂದಿದ್ದೆ, ನೀವು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ ಎಂದೆ. ಸುವರ್ಣಾ ಪರ್ಸಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ನನ್ನದೇ ಅಕ್ಷರ: "ಬೆಲ್ಲದ ನೀರು, ದಿನಕ್ಕೆ 4 ಸಲ." ಕೆಳಗೆ ನನ್ನದೇ ಸಹಿ.

"ಓದಲಿಕ್ಕ ಚಷ್ಮಾ ಬೇಕೇನ್ರಿ ಡಾಕ್ಟರ್ ಸಾಬ್?" ರಮಾಬಾಯಿ ಕೇಳಿದರು.

ಬಿದ್ದಾಗ ಮಾತ್ರ ಎಂದು ನಾನು ಹೇಳಿದ ದನಿ ಆ ಹೊತ್ತಿಗೂ ನನ್ನ ಕಿವಿಯಲ್ಲಿ ಸ್ಪಷ್ಟವಾಗಿತ್ತು. ಇವತ್ತಿಗೂ ಇದೆ. ಅದು ಸುಳ್ಳು.

ಹೈದರಾಬಾದಿನಲ್ಲಿ ಸಾಕುಪ್ರಾಣಿಗಳನ್ನು ನೋಡುವ ಸಹಪಾಠಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಆತ ಹೇಳಿದಂತೆ ನಾಲ್ಕು ತಾಸು ಏನೂ ತಿನ್ನಿಸದೆ ಎದುರಿಗೇ ಇಟ್ಟುಕೊಂಡು ಮತ್ತೆ ಪರೀಕ್ಷಿಸಿದೆ: 38. ರೋಗ ಇನ್ಸುಲಿನೋಮಾ ಇರಬೇಕೆಂದು ಇಬ್ಬರೂ ನಿರ್ಧರಿಸಿದೆವು. ಮೇದೋಜೀರಕ ಗ್ರಂಥಿಯಲ್ಲಿ ಸಣ್ಣ ಗಂಟು ಬೆಳೆದು ಬೇಡದಷ್ಟು ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಎಮ್ಮೆಗೆ ಸಕ್ಕರೆ ಸಾಲದೆ ಇಳಿದಿರುತ್ತದೆ, ಇಲ್ಲಿ ಹಾಗಲ್ಲ. ಸಿಹಿ ಕೊಟ್ಟ ಕೂಡಲೇ ಗಂಟು ಮತ್ತಷ್ಟು ಇನ್ಸುಲಿನ್ ಬಿಡುತ್ತದೆ, ಸಕ್ಕರೆ ಮೊದಲಿಗಿಂತ ಕೆಳಗೆ ಹೋಗುತ್ತದೆ. ಎರಡು ವಾರ ನಾನು ಮಾಡಿಸಿದ್ದು ಅದನ್ನೇ.

ಶಸ್ತ್ರಚಿಕಿತ್ಸೆ ಇತ್ತು. ಆದರೆ ಸಹಪಾಠಿ ಫೆರೆಟ್ಟಿಗೆ ಒಮ್ಮೆಯೂ ಮಾಡಿರಲಿಲ್ಲ, ಸುವರ್ಣಾ ಒಪ್ಪಲೂ ಇಲ್ಲ. ಉಳಿದದ್ದು ಸಕ್ಕರೆ ಇಳಿಯದಂತೆ ಹಿಡಿಯಲು ಮಕ್ಕಳ ಪ್ರೆಡ್ನಿಸೊಲೋನ್ ಸಿರಪ್ 0.4 ಎಂ.ಎಲ್. ದಿನಕ್ಕೆರಡು ಸಲ, ಮತ್ತು ನಾಲ್ಕು ತಾಸಿಗೊಮ್ಮೆ ಮಾಂಸ.

"ಏನ್ ತಿನ್ನಸ್ತೀರಿ ಇದಕ್ಕ?" ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

"ಹಾಲು ಚಪಾತಿ, ಬಾಳಿಹಣ್ಣು. ನಮ್ ಮನ್ಯಾಗ ಲಿಂಗಪೂಜಿ ಅದ್ರಿ. ಅಂಡಾನೂ ಹೊಸ್ತಿಲ ದಾಟೋದಿಲ್ಲ."

ಇದು ಮಾಂಸವನ್ನೇ ತಿಂದು ಬದುಕುವ ಪ್ರಾಣಿ, ಬೇರೆ ದಾರಿ ಇಲ್ಲ ಎಂದೆ. ಸುವರ್ಣಾ ರಮಾಬಾಯಿಯ ಕಡೆ ನೋಡಿದರು. ರಮಾಬಾಯಿ ಬೌದ್ಧರು, ಅವರ ಮನೆಯಲ್ಲಿ ಆ ಅಡ್ಡಿ ಇರಲಿಲ್ಲ. "ನಮ್ ಒಲಿ ಮ್ಯಾಲ ಬೇಯಸ್ತೀನಿ ತೊಗೊ. ಎರಡ್ ತುಣುಕು ಕೋಳಿ ನನಗೇನ್ ಭಾರ? ಆದ್ರ ಸುವರ್ಣಾ, ನಿಮ್ಮತ್ತಿ ಹನ್ನೆರಡ್ ವರ್ಷದಾಗ ನಮ್ ಕಟ್ಟಿ ಮ್ಯಾಲ ಒಂದ್ ಗಳಿಗಿ ಕುಂತಿಲ್ಲ. ನಿನಗ ದಿನಾ ಕಳಸ್ತಾಳೇನು?"

"ಕಳಸೋದಿಲ್ಲ. ನಾ ಬರ್ತೀನಿ."

ಬಂದರು. ದಿನಕ್ಕೆ ಐದು ಸಲ ರಮಾಬಾಯಿಯ ಕಟ್ಟೆಯ ಮೇಲೆ ಕೂತು, ಅರೆದ ಕೋಳಿಯನ್ನು ಚಮಚದಲ್ಲಿ ತಿನ್ನಿಸುತ್ತಿದ್ದರು. ಅತ್ತೆ ವಾರವಿಡೀ ಮಾತು ಬಿಟ್ಟು, ಆಮೇಲೆ ಒಂದು ಷರತ್ತು ಹಾಕಿದರು: ಬಾಯಿ ತೊಳೆದು, ವಿಭೂತಿ ಹಚ್ಚಿ ಒಳಗೆ ತರಬೇಕು. ಮುಂದಿನ ಶುಕ್ರವಾರ ನೋಡಿದರೆ ಚಿಂಟುವಿನ ಮೂಗಿನ ಮೇಲೆ ಬಿಳಿ ಪಟ್ಟಿ. "ನಿಮ್ ರೋಗಿಗಿ ದೀಕ್ಷಾ ಆಗ್ಯಾದ್ರಿ," ರಮಾಬಾಯಿ ನಕ್ಕರು. ಸಕ್ಕರೆ 72 ಇತ್ತು.

ಆರು ತಿಂಗಳು ಹಾಗೇ ಸಾಗಿತು. ಒಂದು ಮಧ್ಯಾಹ್ನ ನನಗೆ ಸುವರ್ಣಾರ ಫೋನ್ ಬಂತು. ರಮಾಬಾಯಿ ತವರೂರು ಡಾಬಕಾಕ್ಕೆ ಹೋಗಿದ್ದರು. ಬೇಯಿಸಿಟ್ಟಿದ್ದ ಕೋಳಿ ಕೆಟ್ಟಿತ್ತು, ಚಿಂಟು ಬಿದ್ದಿತ್ತು. ವಸಡಿಗೆ ಒಂದು ಹನಿ ಸಕ್ಕರೆ ನೀರು, ಒಂದೇ, ಎದ್ದ ಕೂಡಲೇ ಮಾಂಸ ಅಥವಾ ಮೊಟ್ಟೆ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವರ ದನಿ, ಹಿಂದೆ ಬಸ್ಸುಗಳ ಹಾರ್ನ್.

"ಬಸ್ ಸ್ಟ್ಯಾಂಡಿನ್ಯಾಗ ಬಂಡಿ ಮುಂದ ನಿಂತೀನ್ರಿ. ಕುದಿಸಿದ ಅಂಡಾ ತೊಗೊಂಡೀನಿ. ಮ್ಯಾಲಿಂದ ಬಿಳೀದು ಕೊಡ್ಲ್ಯಾ, ಒಳಗಿಂದ ಹಳದೀದು ಕೊಡ್ಲ್ಯಾ?"

ಅವರು ಮೊಟ್ಟೆಯ ಒಳಗನ್ನು ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು. "ಎರಡೂ ಕಿವುಚಿ ಕೊಡ್ರಿ," ಎಂದೆ. ಚಿಂಟು ಅಂದು ಉಳಿಯಿತು.

ಒಂಬತ್ತನೆಯ ತಿಂಗಳಲ್ಲಿ ಔಷಧದ ಪ್ರಮಾಣ ಎರಡು ಪಟ್ಟಾದರೂ ಸೆಳೆತ ನಿಲ್ಲಲಿಲ್ಲ. ಇನ್ನು ಈ ನೋವಿನಿಂದ ಬಿಡಿಸಿಬಿಡಿ ಎಂದು ಸುವರ್ಣಾ ಅವರೇ ಕೇಳಿದರು. ರಮಾಬಾಯಿಯ ಕಟ್ಟೆಯ ಮೇಲೆ, ಸುವರ್ಣಾರ ಮಡಿಲಲ್ಲೇ ಚುಚ್ಚುಮದ್ದು ಕೊಟ್ಟೆ. ಅತ್ತೆ ತಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಉಸಿರು ನಿಂತ ಮೇಲೆ ಸುವರ್ಣಾ ಕೇಳಿದರು:

"ಮೊದಲನೇ ದಿನನ ಬೆಲ್ಲ ಬರೀದಿದ್ರ ಇನ್ನೂ ಬದುಕ್ತಿತ್ತೇನ್ರಿ?"

ಗಂಟು ಆಗಲೇ ಇತ್ತು, ವ್ಯತ್ಯಾಸ ಆಗುತ್ತಿರಲಿಲ್ಲ ಎಂದುಬಿಡಬಹುದಿತ್ತು. ಅದು ನಿಜವೂ ಇರಬಹುದು. "ಗೊತ್ತಿಲ್ರಿ," ಎಂದೆ. "ಆ ಎರಡು ವಾರ ಅದು ಬಿದ್ದಿದ್ದೆಲ್ಲಾ ನನ್ನಿಂದ. ಅಷ್ಟು ಮಾತ್ರ ಗೊತ್ತು."

ಅವರು ಬಹಳ ಹೊತ್ತು ಚಿಂಟುವಿನ ಬೆನ್ನು ಸವರಿದರು. "ನಾನ ತಪ್ಪು ಕೇಳಿಸ್ಕೊಂಡೀನೇನೋ ಅಂತ ಚೀಟಿ ದಿನಾ ತೆಗದ್ ನೋಡ್ತಿದ್ದೆರಿ," ಎಂದಷ್ಟೇ ಹೇಳಿದರು.

ರೋಗವನ್ನು ತಪ್ಪಾಗಿ ಗುರುತಿಸುವುದು ಈ ಕೆಲಸದಲ್ಲಿ ಇದ್ದದ್ದೇ. ಆದರೆ ತಪ್ಪಾದ ಮೇಲೆ ನನ್ನ ನೆನಪು, ನಾನು ಕೇಳದೆಯೇ, ನನ್ನ ವಕೀಲಿ ಮಾಡುತ್ತದೆ ಎಂಬುದನ್ನು ನಾನು ಆ ಪ್ರಾಣಿಯಿಂದ ಕಲಿತೆ. ಈಗ ನಾನು ಹೇಳಿದ್ದನ್ನು ಮಾಲೀಕರ ಬಾಯಿಂದಲೇ ಮತ್ತೆ ಹೇಳಿಸಿ, ಕೇಳಿ, ಕಳಿಸುತ್ತೇನೆ. ಹೊತ್ತು ಹಿಡಿಯುತ್ತದೆ, ಸಾಕುಸಾಕಾಗುತ್ತದೆ. ಕಳೆದ ವಾರ ಜನವಾಡದ ರೈತರೊಬ್ಬರು ಎಮ್ಮೆಯ ಹಗ್ಗ ಹಿಡಿದು ನಿಂತು ರೇಗಿದರು:

"ಏನ್ ಡಾಕ್ಟರ್ ಸಾಬ್, ಈ ವಯಸ್ಸಿನ್ಯಾಗ ನನಗ ಪರೀಕ್ಷಾ ಇಟ್ಟೀರೇನು?"

"ನಿಮಗಲ್ರಿ, ನನಗ," ಎಂದೆ. "ಹೇಳ್ರಿ, ನಾ ಏನ್ ಹೇಳೀನಿ?"