ಐದನೇ ಮನೆ

ಹನ್ನೊಂದು ಎಕರೆ ಭತ್ತದ ನಾಟಿ, ಎಕರೆಗೆ ನಾಲ್ಕೂವರೆ ಸಾವಿರದಂತೆ ಗುತ್ತಿಗೆ. ಒಟ್ಟು ನಲವತ್ತೊಂಬತ್ತು ಸಾವಿರದ ಐನೂರು ರೂಪಾಯಿ. ಗಾದಿಗನೂರಿನ ಹುಲುಗಮ್ಮನ ಗುಂಪಿಗೆ ಇದು ಇನ್ನೂ ಬರಬೇಕು. ಕೊಡಬೇಕಾದವನು ಕಂಪ್ಲಿಯ ಸಾಹುಕಾರ ವಿರೂಪಾಕ್ಷಪ್ಪ. ಗದ್ದೆಯೂ ಅವನದೇ, ಅಕ್ಕಿ ಗಿರಣಿಯೂ ಅವನದೇ.

ಶ್ರಾವಣದಲ್ಲಿ ಹದಿನಾಲ್ಕು ಹೆಂಗಸರು ನಸುಕಿಗೇ ಟಾಟಾ ಏಸ್ ಹತ್ತಿ ಹೋಗಿ, ಮೊಣಕಾಲುದ್ದ ಕೆಸರಲ್ಲಿ ಬಗ್ಗಿ ನಟ್ಟ ಸಸಿ ದಸರೆಗೆ ತೆನೆ ಕಟ್ಟಿತ್ತು. ಕೂಲಿ ಬಂದಿರಲಿಲ್ಲ. ಗುಂಪು ಕಟ್ಟಿ ಮಾತು ಕೊಟ್ಟವಳು ಹುಲುಗಮ್ಮ, ಹಾಗಾಗಿ ಬೈಗುಳವೂ ಅವಳ ಪಾಲಿಗೇ.

"ಏನ್ಲೇ ಹುಲುಗಿ, ನಮ್ ರೊಕ್ಕ ನುಂಗಿ ನೀರ್ ಕುಡ್ದಿ ಏನು?" ಎಂದು ಗುಂಪಿನ ದುರ್ಗಕ್ಕ ನಲ್ಲಿ ಹತ್ತಿರ ಎಲ್ಲರೆದುರೇ ಕೇಳಿದಳು. ಈ ದುಡ್ಡು ಬರದಿದ್ದರೆ ಮುಂದಿನ ನಾಟಿಗೆ ಒಬ್ಬಳೂ ಅವಳ ಗಾಡಿ ಹತ್ತುವುದಿಲ್ಲ. ಹುಲುಗಮ್ಮನಿಗೆ ಬೇರೆ ದುಡಿಮೆ ಇಲ್ಲ.

ನಾಲ್ಕು ಸಲ ಸಾಹುಕಾರನ ಗೇಟಿಗೆ ಹೋದಳು. ನಾಲ್ಕೂ ಸಲ ಕಾವಲುಗಾರ, "ಸಾಹುಕಾರ್ರು ಊರಾಗಿಲ್ಲ" ಅಂದ. ಒಳಗೆ ಸಾಹುಕಾರ ಕೆಮ್ಮುವುದು ಹೊರಗೇ ಕೇಳುತ್ತಿತ್ತು. ನಾಲ್ಕನೇ ಸಲ ಮನೆಗೆ ಬಂದವಳೇ ಮನೆದೇವಿ ಹುಲಿಗೆಮ್ಮನ ಫೋಟೊ ಮುಂದೆ ನಿಂತು, "ನಿನ್ನ ಹೆಸರಿಟ್ಕೊಂಡು ನನಗೇನ್ ಸಿಕ್ತು?" ಎಂದು ದೀಪ ಹಚ್ಚುವುದನ್ನೇ ಬಿಟ್ಟಳು. ಮಂಗಳವಾರ ಅಮ್ಮನ ಹೆಸರಲ್ಲಿ ಐದು ಮನೆ ಬೇಡಿ ತಂದದ್ದನ್ನು ಅಟ್ಟು, ಎಡೆ ಮಾಡಿ ಉಣ್ಣುವುದು ಅವರ ಮನೆಯ ನಡಾವಳಿ. ಅದನ್ನೂ ಬಿಟ್ಟಳು.

ಏಳು ವರ್ಷದ ಮಗಳು ತುಳಸಿ ಬಿಡಲಿಲ್ಲ. ದಸರೆ ರಜೆಯ ಒಂದು ಮಂಗಳವಾರ ತಾನೇ ಹಣೆಗೆ ಭಂಡಾರ ಬಳಿದುಕೊಂಡು, ಬಿದಿರ ಪುಟ್ಟಿ ಹಿಡಿದು ಓಣಿಯಲ್ಲಿ ನಾಲ್ಕು ಮನೆ ಮುಗಿಸಿ ಬಂದಳು.

"ಐದನೇದು ಸಾಹುಕಾರ್ರ ಮನಿ, ನಡಿಯವ್ವ."

"ಹುಚ್ಚು ಹಿಡದೈತೇನ್ಲೇ? ನಾಯಿ ಛೂ ಬಿಡ್ತಾರ."

"ಅಮ್ಮನ ಮ್ಯಾಲೆ ನಾಯಿ ಬಿಡ್ತಾರೇನು?"

ಹುಲುಗಮ್ಮ ಬಾಗಿಲಿಗೆ ಚಿಲಕ ಹಾಕಿದಳು. ಹೆಂಗಸರಿಗೆ ಬಸ್ಸು ಹೇಗೂ ಪುಕ್ಕಟೆ. ಹೊರಟರು.

ಗೇಟಿನಲ್ಲಿ ತುಳಸಿ "ಉಧೋ ಉಧೋ" ಎಂದು ಕೂಗಿದ್ದೇ ತಡ, ಅದೇ ಕಾವಲುಗಾರ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದ. ಸಾಹುಕಾರನ ಹೆಂಡತಿ ಸಂಗಮ್ಮ ಮೊರದಲ್ಲಿ ಅಕ್ಕಿ ತಂದು ಪುಟ್ಟಿಗೆ ಸುರಿದು, ಬಗ್ಗಿ ಕೂಸಿನ ಕಾಲು ಮುಟ್ಟಿದಳು. ಅವಳ ಹಿಂದೆ, ಊರಲ್ಲೇ ಇರದಿದ್ದ ಸಾಹುಕಾರ ಚಪ್ಪಲಿ ಕಳಚಿ ಕೈ ಮುಗಿದು ನಿಂತ.

ತುಳಸಿ ಪುಟ್ಟಿ ನೋಡಿ ಹೇಳಿದಳು: "ಇದು ಅಮ್ಮಂದಾತ್ರಿ. ನಮ್ಮವ್ವಂದು ಬ್ಯಾರೆ ಐತಿ. ಹನ್ನೊಂದು ಎಕರೇದು."

ಸಂಗಮ್ಮ ಗಂಡನ ಮುಖ ನೋಡಿದಳು. ಸಾಹುಕಾರ ಹಲ್ಲು ಕಿರಿದ. "ಭಾಳ ಚುರುಕೈತಲ್ಲ ಕೂಸು! ಕೊಯ್ಲಾಗ್ಲಿ, ನೋಡೂಣು." ಚಪ್ಪಲಿ ಮೆಟ್ಟಿ ಒಳಗೆ ಹೋದ.

ಬಸ್ ನಿಲ್ದಾಣದಲ್ಲಿ ಹುಲುಗಮ್ಮ ಕೆಂಡವಾಗಿದ್ದಳು. "ನೋಡಿದೇನು ನಿನ್ನ ಅಮ್ಮನ ಆಟ? ಎರಡು ಸೇರು ಅಕ್ಕಿ!"

"ಅಮ್ಮ ನನ್ನ ಬಾಯಿಂದ ಕೇಳಿಸಿದ್ಲು. ನೀನ ಸುಮ್ನ ನಿಂತಿದ್ದಿ," ಅಂದಳು ತುಳಸಿ. "ಮುಂದಿನ ಮಂಗಳವಾರ ಮತ್ತ ಬರೂಣು. ಒಂದು ವಾರ ಬೇಡಿ ಬಿಟ್ಬಿಡ್ತಾಳೇನು ಅಮ್ಮ?"

ಹುಲುಗಮ್ಮನಿಗೆ ಕೈ ಎತ್ತಬೇಕೆನಿಸಿತು. ಎತ್ತಲಿಲ್ಲ. ನಿಜವೇ: ಒಳಗೆ ಕಾಲಿಟ್ಟಾಗಿತ್ತು, ಸಾಹುಕಾರ ಎದುರಿಗಿದ್ದ, ಬಾಯಿ ಬಿಟ್ಟದ್ದು ಕೂಸು. ಬೇಡುವುದಕ್ಕೇ ನಾಚದ ದೇವಿಯ ಹೆಸರಿಟ್ಟುಕೊಂಡು, ದುಡಿದದ್ದು ಕೇಳಲು ತಾನು ತಲೆ ತಗ್ಗಿಸಿದ್ದಳು.

ಮುಂದಿನ ವಾರ ದುರ್ಗಕ್ಕನನ್ನೇ ಮೊದಲು ಎಬ್ಬಿಸಿದಳು. ಹದಿನಾಲ್ಕೂ ಮಂದಿ ಗೇಟಿನ ಮುಂದೆ ಕೂತರು. ಯಾರ ಕೈಯಲ್ಲೂ ಪುಟ್ಟಿ ಇರಲಿಲ್ಲ.

ಪವಾಡವೇನೂ ಆಗಿಲ್ಲ. ಆರು ಮಂಗಳವಾರ ಹೀಗೇ ಕೂತಿದ್ದಾರೆ, ಕೂಲಿ ಇನ್ನೂ ಬಂದಿಲ್ಲ. ಕೊಯ್ಲು ಮುಗಿದು ಭತ್ತ ಗಿರಣಿ ಸೇರಿದೆ, ಆ ಅಕ್ಕಿ ನಿಮ್ಮೂರ ಅಂಗಡಿಗೂ ಬಂದಿದೆ. ಅಯ್ಯೋ ಪಾಪ ಅನ್ನಬೇಡಿ, ಅವಳ ಮಗಳನ್ನು ಮುದ್ದು ಮಾಡಲೂ ಬೇಡಿ. ಬರುವ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕಂಪ್ಲಿಗೆ ಬಂದು ಆ ಹೆಂಗಸರ ಪಕ್ಕದಲ್ಲಿ ಕುಂದ್ರಿ. ಬರ್ತೀರೋ ಇಲ್ಲೋ?