ಸೋಮವಾರ ಕಿತ್ತ ಪಿನ್ನು

ನಮ್ಮ ಮನೆಯ ಎತ್ತುಗಳಿಗೆ ವಾರಕ್ಕೊಂದು ರಜೆ ಇದೆ, ನನಗಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಇದು ನನ್ನ ಕಣ್ಣಿಗೆ ಬಿದ್ದಿತ್ತು, ಹೊಟ್ಟೆಯಲ್ಲಿ ಸಣ್ಣಗೆ ಉರಿದೂ ಇತ್ತು. ಸೋಮವಾರ ಬಸವಣ್ಣನ ದಿನ. ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವ ಹಾಗಿಲ್ಲ. ಬಾಗೇವಾಡಿಯಿಂದ ಇಂಡಿಯವರೆಗೆ ಇದು ಎಷ್ಟೋ ಮನೆಗಳ ನೇಮವೇ. ಆದರೆ ನಮ್ಮ ಮಾವನವರಷ್ಟು ಬಿಗಿಯಾಗಿ ಪಾಲಿಸುವವರನ್ನು ನಾನಂತೂ ಕಂಡಿಲ್ಲ. ಬೆಳಗಾಗುತ್ತಲೇ ಎತ್ತುಗಳ ಮೈ ತೊಳೆಯುತ್ತಾರೆ, ಹಣೆಗೆ ವಿಭೂತಿ ಎಳೆಯುತ್ತಾರೆ, ಬೇವಿನ ನೆರಳಿಗೆ ಕಟ್ಟಿ ಮುಂದೆ ಜೋಳದ ಕಣಿಕೆಯ ಮೇವು ಹಾಕುತ್ತಾರೆ. ಆಮೇಲೆ ತಾವೂ ಅಲ್ಲೇ ಕಟ್ಟೆಯ ಮೇಲೆ ಕುಳಿತು ಅವು ಮೇಯುವುದನ್ನು ನೋಡುತ್ತಾರೆ. ಅಷ್ಟು ಹೊತ್ತೂ ನಾನು ಒಳಗೆ ರೊಟ್ಟಿ ಬಡಿಯುತ್ತಿರುತ್ತೇನೆ.

ನಮ್ಮದು ಝಳಕಿಯ ಕಡೆಯ ತೋಟದ ಮನೆ. ಡಾಂಬರು ರಸ್ತೆ ಬಿಟ್ಟು ಹೊಲದ ದಾರಿ ಹಿಡಿದು ಒಳಗೆ ಬರಬೇಕು. ಸುತ್ತ ಲಿಂಬೆ ಗಿಡ, ಕಾಲ ಕೆಳಗೆ ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಈ ಮಣ್ಣು ಒಂದು ಮಳೆ ಬಿದ್ದರೆ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಆಗ ಬೈಕೂ ಬರುವುದಿಲ್ಲ, ಟಂಟಂ ಗಾಡಿಯವರೂ ಬರುವುದಿಲ್ಲ. ಇಂಡಿಯಲ್ಲಿ ನೌಕರಿ ಮಾಡುವ ನಮ್ಮ ಮನೆಯವರು ಮಳೆಗಾಲವಿಡೀ ಬೈಕನ್ನು ಡಾಂಬರು ರಸ್ತೆಯ ಹತ್ತಿರ ಪರಿಚಯದವರ ಮನೆಯಲ್ಲಿ ನಿಲ್ಲಿಸಿ, ಪ್ಯಾಂಟು ಮಡಚಿಕೊಂಡು ನಡೆದು ಬರುತ್ತಾರೆ. ಏನಾದರೂ ಭಾರದ್ದು ಸಾಗಿಸಬೇಕೆಂದರೆ ಎತ್ತಿನ ಚಕ್ಕಡಿಯೇ ಗತಿ.

ನನ್ನ ತವರು ಮುದ್ದೇಬಿಹಾಳ. ಮದುವೆಗೆ ಮುಂಚೆ ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಲಗ್ನಪತ್ರಿಕೆ, ಕರಪತ್ರ, ಸಣ್ಣ ಪುಸ್ತಕ ಎಲ್ಲ ಮಾಡುತ್ತಿದ್ದೆ. ನನ್ನ ಬೆರಳು ಓಡುವುದನ್ನು ನೋಡಲು ಗಿರಾಕಿಗಳು ನಿಲ್ಲುತ್ತಿದ್ದರು. ಇದು ಜಂಬದ ಮಾತೇ, ಇರಲಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ಬೆರಳುಗಳಿಗೆ ಹಿಟ್ಟು, ಸಗಣಿ, ಲಿಂಬೆಮುಳ್ಳು ಇಷ್ಟೇ ಸಿಕ್ಕಿದ್ದು. ಮಕ್ಕಳು ದೊಡ್ಡವರಾಗಿ ಹಾಸ್ಟೆಲಿಗೆ ಹೋದ ಮೇಲೆ ಹಟ ಹಿಡಿದು ಒಂದು ಹಳೆಯ ಕಂಪ್ಯೂಟರ್ ತರಿಸಿಕೊಂಡೆ. ನನಗೆ ಕೆಲಸ ಕಲಿಸಿದ ಅಣ್ಣಾವ್ರು ಈಗ ಬಸವನ ಬಾಗೇವಾಡಿಯಲ್ಲಿ ಸ್ವಂತ ಪ್ರೆಸ್ ಇಟ್ಟಿದ್ದಾರೆ. ಕೆಲಸವಿದ್ದರೆ ಕೊಡಿ ಎಂದು ಅವರಿಗೆ ಫೋನು ಮಾಡಿ ಮಾಡಿ ಸಾಕು ಮಾಡಿದೆ. ಕೊನೆಗೊಮ್ಮೆ ಕೊಟ್ಟರು. ಸಿಂದಗಿಯ ಒಬ್ಬ ನಿವೃತ್ತ ಮಾಸ್ತರರು ಮಕ್ಕಳಿಗಾಗಿ ಬರೆದ ವ್ಯಾಕರಣದ ಪುಸ್ತಕ. ಟೈಪೂ ನನ್ನದೇ, ಪುಟ ಕಟ್ಟುವುದೂ ನನ್ನದೇ. ಆದರೆ ಮಾಸ್ತರರಿಗೆ ಹೊಲದಲ್ಲಿ ಕುಳಿತ ಹೆಂಗಸಿನ ಮೇಲೆ ಅಷ್ಟು ಭರವಸೆ ಇರಲಿಲ್ಲ. ಸೋಮವಾರ ಸಂಜೆ ಅವರು ಪ್ರೆಸ್ಸಿಗೆ ಬಂದು ಮೊದಲ ಪಾಠದ ಪುಟಗಳನ್ನು ನೋಡುವವರಿದ್ದರು. ಹಿಡಿಸಿದರೆ ಪುಸ್ತಕ ನನಗೆ. ಇಲ್ಲದಿದ್ದರೆ ವಿಜಯಪುರದ ಪ್ರೆಸ್ಸಿನವರಿಗೆ.

ಈ ಪುಸ್ತಕ ಕೈ ತಪ್ಪಿದರೆ ಇನ್ನೊಂದು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿ, ಅದರ ಮೇಲೆ ಹಪ್ಪಳದ ಡಬ್ಬಿ ಇಡುವ ದಿನವನ್ನು ನಾನು ಆಗಲೇ ಕಣ್ಣಾರೆ ಕಾಣುತ್ತಿದ್ದೆ.

ತಕರಾರು ಶುರುವಾದದ್ದು ಅಪ್‌ಡೇಟಿನಿಂದ. ಪುಟ ಕಟ್ಟುವ ಸಾಫ್ಟ್‌ವೇರನ್ನು ಅಣ್ಣಾವ್ರು ಕಳಿಸಿದ್ದರು. ಅದು ಒಂದೇ ಯಂತ್ರಕ್ಕೆಂದು ಕೊಡುವಂಥದ್ದು, ನನ್ನ ಯಂತ್ರದಲ್ಲೇ ಕೂರಬೇಕು. ಅದೋ, ನಿನ್ನ ಯಂತ್ರ ಹಳೆಯದು, ಮೊದಲು ಅದನ್ನು ಅಪ್‌ಡೇಟ್ ಮಾಡು, ಆಮೇಲೆ ನನ್ನ ಹತ್ತಿರ ಬಾ ಎಂದು ಮುಖ ತಿರುಗಿಸಿತು. ನಮ್ಮಲ್ಲಿ ಇಂಟರ್ನೆಟ್ ಎಂದರೆ ನನ್ನ ಫೋನು. ಆ ಫೋನಿಗೆ ಸಿಗ್ನಲ್ ಸಿಗುವುದು ಬಾಗಿಲ ಮೇಲಿನ ಮೊಳೆಗೆ ಚೀಲದಲ್ಲಿ ಹಾಕಿ ತೂಗುಬಿಟ್ಟಾಗ ಮಾತ್ರ. ಶುಕ್ರವಾರ ತೂಗುಬಿಟ್ಟೆ. ಅಪ್‌ಡೇಟು ಶನಿವಾರ ತೆವಳಿತು, ಭಾನುವಾರ ಕುಂಟಿತು. ಗಾಳಿ ಬೀಸಿದರೆ ನಿಲ್ಲುತ್ತಿತ್ತು, ಮೋಡ ಮುಚ್ಚಿದರೆ ನಿಲ್ಲುತ್ತಿತ್ತು. ಯಾರಾದರೂ ನನಗೆ ಫೋನು ಮಾಡಿದರಂತೂ ಅವರ ಮನೆತನವನ್ನೇ ಬೈಯುತ್ತಿದ್ದೆ. ಭಾನುವಾರ ಸಂಜೆ ಜೋರು ಮಳೆ ಬಂತು. ಕರೆಂಟ್ ಹೋಗದಿರಲೆಂದು ದೇವರಿಗೆ ದೀಪ ಹಚ್ಚಿದೆ. ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ನೋಡಿದರೆ ಎಲ್ಲ ಇಳಿದುಬಿಟ್ಟಿತ್ತು! ನೀಲಿ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ಕೆಲಸ ನಡೆದಿದೆ, ಯಂತ್ರ ಬಂದ್ ಮಾಡಬೇಡಿ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಕುಣಿಯುವುದೊಂದು ಬಾಕಿ. ಇನ್ನೇನು ಅರ್ಧ ತಾಸು ಎಂದುಕೊಂಡು ದನದ ಕೊಟ್ಟಿಗೆ ಕಸ ಹೊಡೆಯಲು ಹೋದೆ.

ತಿರುಗಿ ಬಂದಾಗ ಪರದೆ ಕಪ್ಪಾಗಿತ್ತು. ಸಿಪಿಯು ಡಬ್ಬಿಯ ಮೇಲೆ ಒದ್ದೆ ಟವೆಲ್ಲು. ಡಬ್ಬಿಯ ಹಣೆಗೆ ಮೂರು ಎಳೆ ವಿಭೂತಿ. ಕರೆಂಟಿನ ಪಿನ್ನು ಬೋರ್ಡಿನಿಂದ ಕಿತ್ತು ನೆಲದ ಮೇಲೆ ಬಿದ್ದಿತ್ತು. ಮಾವನವರು ಪಕ್ಕದಲ್ಲಿ ನಿಂತು ಅದನ್ನು ಪ್ರೀತಿಯಿಂದ ನೋಡುತ್ತಿದ್ದರು.

"ಮೂರ ದಿನ ಆತು, ಒಂದ ಸವನ ಬುಸುಗುಡಾಕತ್ತೈತಿ ಯವ್ವಾ. ಕೈ ಇಟ್ರ ಚುರ್ ಅಂತೈತಿ. ಇವತ್ತ ಸೋಮವಾರ. ಪಾಪ, ಅದೂ ದಣಿವಾರಿಸಿಕೊಳ್ಳಲಿ ಅಂತ ಪಿನ್ ತಗದೀನಿ."

ನಮ್ಮ ಮನೆಯಲ್ಲಿ ಸೊಸೆ ಮಾವನೆದುರು ಕುರ್ಚಿಯ ಮೇಲೆ ಕೂರುವುದಿಲ್ಲ. ಅತ್ತೆ ಇದ್ದಾಗಿನಿಂದ ನಡೆದುಬಂದ ಪದ್ಧತಿ, ಅವರು ತೀರಿಕೊಂಡ ಮೇಲೂ ನಡೆದಿತ್ತು. ಮಾವನವರು ಕೋಣೆಗೆ ಬಂದರೆ ನಾನು ಕೆಲಸ ಅಲ್ಲಿಗೇ ಬಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದೆ. ಎದುರು ಮಾತಂತೂ ದೂರವೇ ಉಳಿಯಿತು. ಅವತ್ತು ಮಾತ್ರ ಬಾಯಿ ನನ್ನ ಕೈಯಲ್ಲಿರಲಿಲ್ಲ.

"ಅದಕ್ಕೇನು ಜೀವ ಐತೇನ್ರಿ ಮಾವಾರ? ಎತ್ತಿಗೆ ಮಾಡಿದ್ದು ಇದಕ್ಕೂ ಮಾಡ್ತೀರಿ! ಈಗ ಇದು ಏಳಾಂಗಿಲ್ಲ. ನನ್ನ ಪುಸ್ತಕ ಹೋತು. ಎಲ್ಲಾ ಹೋತು ನೋಡ್ರಿ!"

ಪಿನ್ನು ಹಾಕಿ ಒತ್ತಿದೆ. ಯಂತ್ರ ಏಳುವುದು, ಅರ್ಧಕ್ಕೆ ಬೀಳುವುದು, ಮತ್ತೆ ಏಳುವುದು, ಮತ್ತೆ ಬೀಳುವುದು. ಅಳು ಬಂತು. ಅಣ್ಣಾವ್ರಿಗೆ ಫೋನು ಮಾಡಿದೆ. ಫೋನನ್ನು ಮೊಳೆಯ ಚೀಲದಲ್ಲೇ ಬಿಟ್ಟು, ಸ್ಪೀಕರ್ ಹಾಕಿ, ಕೆಳಗೆ ನಿಂತು ಕೂಗಿಯೇ ಮಾತಾಡಬೇಕಾದ್ದರಿಂದ ಮಾವನವರಿಗೂ ಎಲ್ಲ ಕೇಳುತ್ತಿತ್ತು.

"ಅಪ್‌ಡೇಟ್ ನಡು ಮುರದೈತಿ," ಎಂದರು ಅಣ್ಣಾವ್ರು. "ಮೊದಲಿಂದ ಹಾಕಬೇಕು. ನಿನ್ನ ನೆಟ್ಟಿನ್ಯಾಗ ಇನ್ನ ಮೂರ ದಿನ ಬೇಕು. ಝಳಕಿ ಹೈವೇ ಮ್ಯಾಲ ಮೊಬೈಲ್ ರಿಪೇರಿ ಅಂಗಡಿ ಐತಿ, ಅಲ್ಲಿ ಕೇಬಲ್ ನೆಟ್ ಓಡತೈತಿ. ಸಿಪಿಯು ಹೊತ್ಕೊಂಡ ಅಲ್ಲಿಗೆ ಹೋಗು. ಮಾಸ್ತರ್ರು ಸಂಜಿಕೆ ಬರ್ತಾರ. ಅಷ್ಟರಾಗ ಆಗಲಿಲ್ಲಂದ್ರ ನಾ ಏನೂ ಮಾಡಾಕ ಆಗಾಂಗಿಲ್ಲ ತಂಗಿ."

ಹೊತ್ಕೊಂಡು ಹೋಗು! ಹೊರಗೆ ರಾತ್ರಿಯ ಮಳೆಗೆ ದಾರಿಯೆಲ್ಲ ಕೆಸರು. ಮನೆಯವರು ಆಗಲೇ ಇಂಡಿಗೆ ಹೋಗಿದ್ದರು. ಅಂಗಳದಲ್ಲಿ ಚಕ್ಕಡಿ ನಿಂತಿತ್ತು. ಬೇವಿನ ಕೆಳಗೆ ಎತ್ತುಗಳು ವಿಭೂತಿ ಹಚ್ಚಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿದ್ದವು. ನಾನು ಅವನ್ನು ನೋಡಿದೆ. ಮಾವನವರೂ ನೋಡಿದರು. ಹೂಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಎಷ್ಟೇ ಸಿಟ್ಟಿದ್ದರೂ ಆ ಮಾತು ಆ ಮನೆಯಲ್ಲಿ ಆಡುವಂಥದ್ದಲ್ಲ.

ಮಾವನವರು ಹಿತ್ತಲಿಗೆ ಹೋದರು. ಬರುವಾಗ ಕೈಯಲ್ಲಿ ಲಿಂಬೆಹಣ್ಣು ತುಂಬುವ ದೊಡ್ಡ ಬುಟ್ಟಿ. ತಳಕ್ಕೆ ಕಣಿಕೆಯ ಎಲೆ ಹಾಸಿದರು, ಅದರ ಮೇಲೆ ಹಳೆಯ ಕೌದಿ.

"ಇದರಾಗ ಇಡು. ಮ್ಯಾಲ ಗೊಬ್ಬರ ಚೀಲ ಮುಚ್ಚಿ ಕಟ್ಟು," ಎಂದು ತಲೆಯ ಪಟಕಾ ಬಿಚ್ಚಿ ಸಿಂಬೆ ಸುತ್ತತೊಡಗಿದರು.

"ನೀವು ಹೊರತೀರೇನ್ರಿ? ಬ್ಯಾಡ್ರಿ ಮಾವಾರ."

"ಎತ್ತಿಗೆ ರಜಾ ಐತಿ," ಎಂದರು. "ನನಗೇನ್ ರಜಾ ಐತಿ? ಪಿನ್ ತಗದಾಂವ ನಾನ, ಹೊರಾಂವನೂ ನಾನ."

ಹೊರಟೆವು. ಮುಂದೆ ಮಾವನವರು, ತಲೆಯ ಮೇಲೆ ನನ್ನ ಕಂಪ್ಯೂಟರು. ಹಿಂದೆ ನಾನು, ಒಂದು ಕೈಯಲ್ಲಿ ಇಬ್ಬರ ಚಪ್ಪಲಿ, ಇನ್ನೊಂದು ಕೈಯಲ್ಲಿ ಪೆನ್‌ಡ್ರೈವುಗಳ ಚೀಲ. ಟೈಪು ಮಾಡಿದ ಪಾಠ, ಅಣ್ಣಾವ್ರ ಸಾಫ್ಟ್‌ವೇರು ಎಲ್ಲ ಅವುಗಳಲ್ಲಿ ಭದ್ರವಾಗಿದ್ದವು. ಪ್ರೆಸ್ಸಿನಲ್ಲಿ ಕಲಿತ ಬುದ್ಧಿ. ಹೆಜ್ಜೆಹೆಜ್ಜೆಗೂ ಕಾಲಿಗೆ ಮಣ್ಣು ಮೆತ್ತಿಕೊಂಡು ರೊಟ್ಟಿಕಲ್ಲು ಕಟ್ಟಿದಷ್ಟು ಭಾರ. ನಾನು ಎರಡು ಸಲ ಜಾರಿ ಕುಳಿತೆ. ಮಾವನವರು ಒಮ್ಮೆಯೂ ಜಾರಲಿಲ್ಲ, ಬುಟ್ಟಿ ಅಲುಗಲೂ ಇಲ್ಲ. ನನ್ನ ಸಿಟ್ಟು ಎಲ್ಲೋ ಆ ಕೆಸರಿನಲ್ಲೇ ಉಳಿದುಬಿಟ್ಟಿತು. ಡಾಂಬರು ರಸ್ತೆ ಮುಟ್ಟಿದ ಮೇಲೆ ಟಂಟಂ ಸಿಕ್ಕಿತು. ಅದರೊಳಗೂ ಅವರು ಬುಟ್ಟಿಯನ್ನು ತೊಡೆಯ ಮೇಲೇ ಇಟ್ಟುಕೊಂಡರು.

ಅಂಗಡಿಯವನು ಗೊಬ್ಬರ ಚೀಲ ತೆಗೆದು, ವಿಭೂತಿ ನೋಡಿ ನಕ್ಕ. "ಕಾಕಾ, ಪೂಜಾ ಮಾಡ್ಕೊಂಡ ತಂದೀರೇನ್ರಿ?"

"ಇವತ್ತ ಸೋಮವಾರ ಅಲ್ಲೇನೋ?" ಎಂದರು ಮಾವನವರು, ಇದನ್ನೂ ಕೇಳಬೇಕೆ ಎಂಬಂತೆ.

ಅವನ ಪರದೆಗೆ ನನ್ನ ಡಬ್ಬಿ ಜೋಡಿಸಿ, ಹಳೆಯದನ್ನೆಲ್ಲ ಅಳಿಸಿ, ಮೊದಲಿನಿಂದ ಹಾಕಿದೆ. ಅಂಗಡಿಯವನು ಮಾಡಿಕೊಡುತ್ತೇನೆಂದ, ನಾನು ಬಿಡಲಿಲ್ಲ. ನನ್ನ ಯಂತ್ರ, ನನ್ನ ಕೈಯಲ್ಲೇ ಏಳಬೇಕು. ಆಮೇಲೆ ಅಪ್‌ಡೇಟು. ಅಯ್ಯೋ, ಅದೇನು ಓಟ! ನಮ್ಮ ಮನೆಯಲ್ಲಿ ಮೂರು ದಿನ ತೆವಳಿದ್ದು ಇಲ್ಲಿ ಕಣ್ಣೆದುರೇ ಜಿಗಿಯುತ್ತ ಬಂತು. ಸಂಖ್ಯೆ ಏರಿದ ಹಾಗೆಲ್ಲ ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ, ಮಾವನವರು ಹೂಂ ಎನ್ನುತ್ತಿದ್ದರು. ಆಮೇಲೆ ಮತ್ತೆ ಅದೇ ನೀಲಿ ಪರದೆ, ಅದೇ ಚಕ್ರ, ಅದೇ ಇಂಗ್ಲಿಷ್ ಸಾಲು.

"ಈಗೇನಂತ ಬರದಾರ?" ಎಂದು ಮಾವನವರು ಕೇಳಿದರು.

"ಬಂದ್ ಮಾಡಬ್ಯಾಡ್ರಿ ಅಂತ ಬರದಾರ್ರಿ."

ಮಾವನವರು ಎದ್ದು ಹೋಗಿ ಪಿನ್ನಿನ ಬೋರ್ಡಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಚಹಾ ಬಂದರೂ ಕದಲಲಿಲ್ಲ. ಲಾರಿ ಡ್ರೈವರೊಬ್ಬ ಫೋನು ಚಾರ್ಜಿಗೆ ಹಾಕಲು ಬಂದು ಅವರ ಭುಜದ ಹಿಂದೆ ಕೈ ಚಾಚಿದ. "ಏ ತಮ್ಮಾ! ಆ ಪಿನ್ನಿಗೆ ಕೈ ಹಚ್ಚಬ್ಯಾಡ. ಮುಂಜಾನಿ ತಗದು ಬೈಸಿಕೊಂಡೀನಿ ನಾ," ಎಂದು ಗದರಿದರು. ಡ್ರೈವರು ಪಾಪ, ಏನೂ ತಿಳಿಯದೆ ಪಕ್ಕದ ಚಹಾದಂಗಡಿಗೆ ಹೋದ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ.

ಚಕ್ರ ತಿರುಗಿತು, ನಿಂತಂತಾಯಿತು, ಮತ್ತೆ ತಿರುಗಿತು. ಸಂಖ್ಯೆ ಮಾತ್ರ ಅಲ್ಲೇ ಕೂತಿತ್ತು. ಹೊರಗೆ ನೆರಳು ಉದ್ದವಾಗುತ್ತಿತ್ತು. ಆಗದು ಎಂದುಕೊಂಡೆ.

"ಎಮ್ಮಿ ಈಯುವಾಗ ನೋಡಿಲ್ಲೇನು?" ಎಂದರು ಮಾವನವರು. "ನಾವು ಅವಸರ ಮಾಡಿದ್ರ ಅದು ಕೇಳತೈತೇನು? ತನ್ನ ಹೊತ್ತಿಗೆ ತಾ ಈಯತೈತಿ." ಆಮೇಲೆ ನನ್ನ ಕಡೆ ಸರಿಯಾಗಿ ನೋಡಿದರು. ಬಂದಾಗಿನಿಂದ ನಾನು ನಿಂತೇ ಇದ್ದೆ. ಅಂಗಡಿಯವನು ಕೊಟ್ಟ ಸ್ಟೂಲು ಪಕ್ಕದಲ್ಲಿ ಖಾಲಿ ಇತ್ತು.

"ಕುಂದ್ರು."

"ಇರಲಿ ಬಿಡ್ರಿ ಮಾವಾರ."

"ನಿಂತು ಪುಸ್ತಕ ಮಾಡಾಕ ಬರತೈತೇನು? ಕುಂದ್ರು ಅಂತೇನಿ."

ಹೈವೇಯ ಮೇಲೆ ಹೋಗುವ ಬರುವ ಜನರ ಮುಂದೆ, ಚಹಾದಂಗಡಿಯ ಗಂಡಸರೆಲ್ಲ ನೋಡುತ್ತಿರುವಾಗ, ಮಾವ ನಿಂತಿದ್ದರು, ಸೊಸೆ ಕುಳಿತಳು. ನನ್ನ ಕಿವಿ ಬಿಸಿಯಾಗಿತ್ತು, ಆದರೂ ಆ ಸ್ಟೂಲಿನ ಮೇಲೆ ನಾನು ಬೆನ್ನು ನೇರ ಮಾಡಿಯೇ ಕುಳಿತೆ. ಸ್ವಲ್ಪ ಹೊತ್ತಿಗೆ ಪರದೆ ಒಮ್ಮೆ ಕಪ್ಪಾಯಿತು, ಬೆಳಗಿತು, ನನ್ನ ಹೆಸರು ಕೇಳಿತು.

"ಆತ್ರೀ!" ಎಂದು ನಾನು ಕಿರುಚಿದ್ದಕ್ಕೆ ಹೊರಗಿನವರೆಲ್ಲ ತಿರುಗಿ ನೋಡಿದರು. ಸಾಫ್ಟ್‌ವೇರು ಈಗ ಮರುಮಾತಾಡದೆ ಬಂದು ಕುಳಿತಿತು. ಪಾಠ ಹಾಕಿಕೊಂಡೆ. ಬೆರಳುಗಳು ಓಡತೊಡಗಿದವು. ಇಷ್ಟು ವರ್ಷ ಎಲ್ಲಿದ್ದವೋ, ಏನನ್ನೂ ಮರೆತಿರಲಿಲ್ಲ. ತಲೆಬರಹ, ಉದಾಹರಣೆಯ ಚೌಕ, ಅಭ್ಯಾಸದ ಸಾಲು ಒಂದೊಂದಾಗಿ ತಮ್ಮ ಜಾಗದಲ್ಲಿ ಕುಳಿತವು. ಅಂಗಡಿಯವನು ತನ್ನ ಕೆಲಸ ಬಿಟ್ಟು ನೋಡುತ್ತ ನಿಂತ. ಹೊತ್ತು ಮುಳುಗುವ ಮುಂಚೆ ಪುಟಗಳು ಬಾಗೇವಾಡಿ ಮುಟ್ಟಿದವು. ನಾವು ಬುಟ್ಟಿ ಕಟ್ಟುವಷ್ಟರಲ್ಲಿ ಫೋನು ಬಂತು.

"ಮಾಸ್ತರ್ರು ನೋಡಿದ್ರು," ಎಂದರು ಅಣ್ಣಾವ್ರು. "ಪುಸ್ತಕ ನಿಂದ ತಂಗಿ."

ಮಾವನವರು ಅಂಗಡಿಯವನಿಗೂ, ಆ ಡ್ರೈವರಿಗೂ, ಅಲ್ಲಿದ್ದ ಎಲ್ಲರಿಗೂ ಚಹಾ ಹೇಳಿದರು. ತಿರುಗಿ ಬರುವಾಗಲೂ ಬುಟ್ಟಿ ಅವರ ತಲೆಯ ಮೇಲೆಯೇ. ದಾರಿಯಲ್ಲಿ ಎದುರಾದವರಿಗೆಲ್ಲ ನಿಂತು ಹೇಳಿದರು, "ನಮ್ಮ ಸೊಸಿ ಪುಸ್ತಕ ಮಾಡಾಕತ್ತಾಳ. ಸಾಲಿ ಮಕ್ಕಳು ಓದೂ ಪುಸ್ತಕ." ಕೇಳದವರಿಗೂ ಹೇಳಿದರು.

ಮುಂದಿನ ಸೋಮವಾರ ಬಂತು. ನಾನು ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದೆ. ಮಾವನವರು ಎತ್ತುಗಳ ಕೆಲಸ ಮುಗಿಸಿ, ವಿಭೂತಿಯ ಕೈಯಲ್ಲೇ ಒಳಗೆ ಬಂದು ಸಿಪಿಯು ಹಣೆಗೆ ಮೂರೆಳೆ ಎಳೆದರು. ಪಿನ್ನು ಮುಟ್ಟಲಿಲ್ಲ, ದೂರದಿಂದಲೇ ಕೇಳಿದರು, "ಒಳಗ ಏನರೆ ನಡದೈತೇನು? ಬಂದ್ ಮಾಡಬಹುದೇನು?" ಏನೂ ನಡೆದಿಲ್ಲ, ನಾನೇ ಬಂದ್ ಮಾಡಿದ್ದೇನೆ ಎಂದೆ. ಅಷ್ಟರಲ್ಲಿ ಮೊಳೆಯ ಚೀಲದಲ್ಲಿ ಫೋನು ಕೂಗಿತು. ನನ್ನ ಕೈಯೆಲ್ಲ ಹಿಟ್ಟು. ಮಾವನವರೇ ತೆಗೆದುಕೊಂಡರು. ಅಣ್ಣಾವ್ರು ಎರಡನೆಯ ಪಾಠ ಎಲ್ಲಿಗೆ ಬಂತೆಂದು ಕೇಳುತ್ತಿದ್ದರೆಂದು ತೋರುತ್ತದೆ.

"ಇವತ್ತ ಸೋಮವಾರ ಐತ್ರಿ," ಎಂದರು ಮಾವನವರು, ಇಡೀ ತೋಟಕ್ಕೆ ಕೇಳುವ ಹಾಗೆ. "ಎತ್ತಿಗೆ ರಜಾ, ಕಂಪ್ಯೂಟರಿಗೆ ರಜಾ, ನಮ್ಮ ಸೊಸಿಗೂ ರಜಾ. ನಾಳಿಗಿ ಫೋನ್ ಮಾಡ್ರಿ."

ಫೋನನ್ನು ಚೀಲಕ್ಕೆ ಹಾಕಿ, ಇಂಡಿಗೆ ಹೊರಟು ನಿಂತಿದ್ದ ಮಗನ ಕಡೆ ತಿರುಗಿದರು. "ಅನ್ನಕ್ಕ ಇಟ್ಟು ಹೋಗು," ಎಂದರು.

ನಾನು ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ, ಮಾವನವರ ಎದುರಿಗೇ ಕುರ್ಚಿಯ ಮೇಲೆ ಕುಳಿತೆ.